ಹಿಂದಿನ ಗಾಡಿಯಲ್ಲಿ ಬರುವವಳು

ಹೊಳೆನರಸೀಪುರ
೯-೧-೧೯೪೭

ಶ್ರೀಯುತ ಪಂಚಾಕ್ಷರಯ್ಯನವರಿಗೆ,

ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಬರೆಯುವುದುಂಟೇ ಎಂದು ನಿಮ್ಮ ಅಣ್ಣನವರು ಕೇಳಿಯಾರು. ಬೇರೆ ಏನೆಂದು ಬರೆಯಲಿ? ನೀವು ರಂಗೂನಿಗೆ ಹೋದಂದಿನಿಂದ ನನಗೆ ಏನೂ ಆಗಿ ಉಳಿದಿಲ್ಲ. ಹೆಸರೊಂದು ಇದೆಯಲ್ಲ, ಅದನ್ನೇ ಬರೆದಿದ್ದೇನೆ.

ನಿಮ್ಮ ಕಾಗದ ತಲುಪಿತು. ಕ್ಷೇಮಸಮಾಚಾರ ಒಂದು ಗೆರೆಯೂ ಇಲ್ಲ, ಇರುವುದೆಲ್ಲ ಅಪ್ಪಣೆ. ಶಾಂತಕುಮಾರಿಯನ್ನು ಶಿವರಾತ್ರಿಯ ಒಳಗೆ ಚನ್ನರಾಯಪಟ್ಟಣಕ್ಕೆ ಕಳಿಸಬೇಕು, ನಿಮ್ಮ ಅತ್ತಿಗೆಯ ತಮ್ಮ ಬಸವರಾಜುವಿಗೆ ಅವಳನ್ನು ಕೊಡುವುದೆಂದು ಮಾತಾಗಿದೆ. ಅವಳು ಬರ್ಮಾದಿಂದ ತೊಟ್ಟುಕೊಂಡು ಬಂದ ಹಸಿರು ಅಂಗಿಯನ್ನು ಈ ಕಾಗದ ಓದಿದ ಕೂಡಲೇ ಒಲೆಗೆ ಹಾಕಬೇಕು, ಒಂದು ಎಳೆಯೂ ಉಳಿಯಬಾರದು.

ಮದುವೆಯ ಮಾತಿಗೆ ನನ್ನ ಉತ್ತರ: ಆಗುವುದಿಲ್ಲ. ಹುಡುಗಿಗೆ ಹನ್ನೊಂದು ವರ್ಷ. ಬಸವರಾಜು ನನಗಿಂತ ದೊಡ್ಡವನು, ಹೆಂಡತಿಯನ್ನು ಕಳೆದುಕೊಂಡು ಮೀಸೆಗೆ ಕಪ್ಪು ಹಚ್ಚಿಕೊಂಡು ತಿರುಗುತ್ತಿರುವ ಮನುಷ್ಯ. ಅವನ ತೆಂಗಿನಕಾಯಿ ಮಂಡಿಯ ವ್ಯಾಪಾರದಲ್ಲಿ ನಿಮಗೆ ಜಾಗ ಬೇಕಿದ್ದರೆ ನೀವೇ ಹೋಗಿ ಅವನ ಮನೆಯ ನೀರು ಸೇದಿ.

ಇನ್ನು ಅಂಗಿ. ಅದನ್ನು ಸುಡುವುದಕ್ಕೆ ನಿಮಗಿಂತ ಮೊದಲು ಕೈ ಹಾಕಿದವಳು ನಾನು. ಅದು ನಿಮಗೆ ಗೊತ್ತಿಲ್ಲ, ಏಕೆಂದರೆ ಅವತ್ತು ನೀವು ನಿಲ್ಲಲಿಲ್ಲ.

ನಲವತ್ತೆರಡರ ಬೇಸಿಗೆ. ಮಧ್ಯಾಹ್ನದ ರೈಲು ಬಂದು ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಕೆನ್ನೆ ಒಳಗೆ ಹೋಗಿ, ಕಾಲಿಗೆ ಚಿಂದಿ ಸುತ್ತಿಕೊಂಡಿದ್ದ. ಭಿಕ್ಷಕ್ಕೆ ಬಂದವನೆಂದು ನಾನು ಮೊರದಲ್ಲಿ ರಾಗಿ ತಂದೆ. ಹತ್ತು ವರ್ಷದ ಮೇಲೆ ಕಂಡ ಗಂಡ ನೀವು. ಕೈ ಹಿಡಿದುಕೊಂಡು ಒಂದು ಹುಡುಗಿ. ನೀವು ಆಡಿದ್ದು ಇಷ್ಟು: “ಇವಳ ತಾಯಿ ದಾರೀಲಿ ಕಾಲರಾ ಬಂದು ಓದ್ಲು. ನಾನೇ ಮಣ್ ಮಾಡ್ದೆ. ಎಸ್ರು ಶಾಂತಕುಮಾರಿ. ನಿನ್ ತಾವ ಇರ್ಲಿ.” ಕೊಟ್ಟ ನೀರನ್ನೂ ಕುಡಿಯದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟಿರಿ. ಅಲ್ಲೊಬ್ಬಳ ಜೊತೆ ಸಂಸಾರ ಮಾಡಿದ್ದಿರೆಂಬುದು ನನಗೆ ತಿಳಿದದ್ದು ಹಾಗೆ, ಹೊಸಲಿನ ಮೇಲೆ, ಕೈಯಲ್ಲಿ ಮೊರ ಹಿಡಿದುಕೊಂಡು.

ಆ ಹುಡುಗಿ ನನಗೆ ಬೇಕಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ನೀವು ಬಿಟ್ಟುಹೋದ ಮೇಲೆ ನಮ್ಮಪ್ಪ ಟ್ರೈನಿಂಗಿಗೆ ಕಳಿಸಿ ಓದಿಸಿದ್ದರಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೊಂದು ಕುರ್ಚಿ ಸಿಕ್ಕಿತ್ತು. ಅಪ್ಪ ತೀರಿಕೊಂಡಿದ್ದರು. ಒಬ್ಬಳ ಅಡಿಗೆ, ಒಬ್ಬಳ ಹಾಸಿಗೆ, ಯಾರ ಹಂಗೂ ಇರಲಿಲ್ಲ. ನನ್ನ ಮೇಲೆ ತಂದುಕೊಂಡವಳ ಮಗುವನ್ನು ನಾನು ಏಕೆ ಸಾಕಲಿ?

ತಲೆಯ ತುಂಬ ಹೇನು, ಮೈಯೆಲ್ಲ ಹುಣ್ಣು. ಸ್ನಾನಕ್ಕೆ ಕೂರಿಸಿ ಅಂಗಿ ಬಿಚ್ಚಿದೆ. ಗಿಣಿಯ ಹಸಿರು, ಗಿಡ್ಡ ಅಂಗಿ. ಬಟ್ಟೆಯನ್ನೇ ಗಂಟು ಕಟ್ಟಿ ಮಾಡಿದ ಗುಂಡಿಗಳು. ಕೊರಳ ಹತ್ತಿರ ಬೆವರು, ಮಣ್ಣು, ರಕ್ತ ಎಲ್ಲ ಸೇರಿ ತೊಗಲಿನಂತೆ ಬಿರುಸಾಗಿತ್ತು. ಹಂಡೆಯ ಒಲೆಗೆ ಹಾಕಲು ಹೋದೆ. ಬೆತ್ತಲೆ ಹುಡುಗಿ ಹಾರಿ ಬಂದು ನನ್ನ ಕೈ ಕಚ್ಚಿದಳು. ರಕ್ತ ಬರುವ ಹಾಗೆ ಕಚ್ಚಿ, ಬಿಡಲೇ ಇಲ್ಲ. ಗುರುತು ಇನ್ನೂ ಇದೆ. ಒಗೆದು ಒಣಗಿಸುವವರೆಗೂ ಹಗ್ಗದ ಕೆಳಗೇ ಕೂತಿದ್ದು, ಅರೆ ಒದ್ದೆ ಇರುವಾಗಲೇ ತೊಟ್ಟುಕೊಂಡಳು. ಹೊಸ ಲಂಗ ಹೊಲಿಸಿಕೊಟ್ಟೆ. ಲಂಗದ ಮೇಲೆ ಅದೇ ಅಂಗಿ. ಮಳೆಗಾಲ ಕಳೆಯುವವರೆಗೂ ಅವಳನ್ನು ಅದರಿಂದ ಬಿಡಿಸಲಾಗಲಿಲ್ಲ.

ಶಾಲೆ ಬಿಟ್ಟು ನಾನು ಬರುವಾಗ ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವ ಗಾಡಿಗಳನ್ನೆಲ್ಲ ನೋಡುತ್ತಿರುತ್ತಿದ್ದಳು. ಏನು ಮಾಡುತ್ತಿದ್ದೀಯೆ ಎಂದರೆ, ನಿಮ್ಮಿಂದ ಕಲಿತ ಅರೆಬರೆ ಕನ್ನಡದಲ್ಲಿ, “ಅಮ್ಮ ಇಂದ್ಲ್ ಗಾಡೀಲಿ ಬತ್ತಾಳೆ” ಎನ್ನುತ್ತಿದ್ದಳು. ನಿನ್ನ ಅಮ್ಮ ಇಲ್ಲ, ತೀರಿಕೊಂಡಳು ಎಂದು ನಾನು ಹೇಳಿದರೆ ತಲೆ ಆಡಿಸಿ ಮತ್ತೆ ಬೀದಿ ನೋಡುತ್ತಿದ್ದಳು. ಆಗ ನಿಮಗೆ ಬರೆದು ಕೇಳಿದ್ದೆ. ‘ಜ್ವರದಲ್ಲಿ ಅವಳ ಬುದ್ಧಿಗೆ ಪೆಟ್ಟಾಗಿದೆ, ಕಿವಿಗೆ ಹಾಕಿಕೊಳ್ಳಬೇಡ’ ಎಂದು ನೀವು ಉತ್ತರ ಕೊಟ್ಟಿರಿ. ನಂಬಿದೆ.

ಈಗ ಅವಳು ನನ್ನ ಶಾಲೆಯಲ್ಲೇ ಓದುತ್ತಾಳೆ. ಕೊರಳಿಗೆ ಲಿಂಗ ಕಟ್ಟಿಸಿದ್ದೇನೆ. ನನ್ನನ್ನು ಅವ್ವ ಎನ್ನುತ್ತಾಳೆ. ಅನ್ನು ಎಂದು ನಾನು ಹೇಳಿಕೊಟ್ಟದ್ದಲ್ಲ. ಆ ಅಂಗಿ ಅವಳ ಮೊಣಕೈಯಿಂದ ಮೇಲಕ್ಕೆ ಏರುವುದಿಲ್ಲ, ಮಡಿಸಿ ತನ್ನ ಪುಸ್ತಕದ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆ. ಅದರಿಂದ ಯಾರಿಗೇನು ತೊಂದರೆ?

ಇಷ್ಟು ವರ್ಷ ನೀವು ಆ ಅಂಗಿಯ ಮಾತು ಎತ್ತಲಿಲ್ಲ. ಈಗ ಇದ್ದಕ್ಕಿದ್ದಂತೆ ಅದರ ಮೇಲೆ ಏಕೆ ಕಣ್ಣು? ಉತ್ತರ ಬರೆಯಿರಿ. ಬರೆಯದಿದ್ದರೆ ಅಂಗಿಯೂ ಇಲ್ಲೇ, ಹುಡುಗಿಯೂ ಇಲ್ಲೇ.

ಶಿವಗಂಗಮ್ಮ,
ಉಪಾಧ್ಯಾಯಿನಿ


ಚನ್ನರಾಯಪಟ್ಟಣ
೧೭-೧-೧೯೪೭

ಶಿವಗಂಗಮ್ಮನಿಗೆ ಪಂಚಾಕ್ಷರಯ್ಯನು ತಿಳಿಸುವುದೇನೆಂದರೆ,

ನಿನ್ನ ಕಾಗದವನ್ನು ಅಣ್ಣಯ್ಯನ ಎದುರಿಗೆ ಒಡೆದೆ. ನಾಚಿಕೆಯಿಂದ ತಲೆ ತಗ್ಗಿಸುವಂತಾಯಿತು. ನಾಲ್ಕಕ್ಷರ ಕಲಿತ ಹೆಂಗಸಿಗೆ ಮನೆಯವರ ಮೇಲೆ ಉಗುಳುವ ಧೈರ್ಯ ಬರುತ್ತದೆಂದು ಅತ್ತಿಗೆ ಹೇಳಿದರು. ನಾನು ಅವರ ಮಾತನ್ನು ಅಲ್ಲಗಳೆಯಲಿಲ್ಲ.

ನೀನು ನೆರಳಲ್ಲಿ ಕೂತು ಪಾಠ ಹೇಳಿದವಳು. ಜಪಾನಿನವರ ಬಾಂಬಿಗೆ ಹೆದರಿ ರಂಗೂನಿನಿಂದ ನಡೆದು ಬಂದ ಆ ದಾರಿ ನಿನಗೆ ಗೊತ್ತಿಲ್ಲ. ಪ್ರೋಮ್ ಪಟ್ಟಣದಿಂದ ಆಚೆಗೆ ಗುಡ್ಡ, ಗುಡ್ಡದ ಮೇಲೆ ಗುಡ್ಡ, ಬಿದಿರು ಕಾಡು. ಎಡಕ್ಕೂ ಬಲಕ್ಕೂ ಹೆಣ, ಕೆಲವಕ್ಕೆ ಇನ್ನೂ ಉಸಿರು ಇರುತ್ತಿತ್ತು. ಒಂದು ಬಿದಿರು ಕೊಳವೆಯ ನೀರಿಗೆ ಜನ ಹೊಡೆದಾಡುತ್ತಿದ್ದರು. ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಅದನ್ನೆಲ್ಲ ದಾಟಿಸಿದವನು ನಾನು. ನನ್ನ ಪಾಲಿನ ಅನ್ನವನ್ನು ಅವಳಿಗೆ ತಿನ್ನಿಸಿದೆ. ಅವಳು ಇವತ್ತು ಉಸಿರಾಡುತ್ತಿರುವುದು ನನ್ನಿಂದ. ಅವಳು ಯಾರ ಮನೆಗೆ ಹೋಗಬೇಕೆಂದು ಹೇಳುವವನೂ ನಾನೇ.

ಅವಳ ತಾಯಿ ನಮ್ಮವರ ಪೈಕಿಯೇ ಎಂದು ಇಲ್ಲಿ ಹೇಳಿದ್ದೇನೆ. ಬರ್ಮಾದವಳ ಹೊಟ್ಟೆಯಲ್ಲಿ ಹುಟ್ಟಿದ್ದೆಂದು ತಿಳಿದರೆ ಯಾರು ಒಳಗೆ ಸೇರಿಸುತ್ತಾರೆ? ಬಸವರಾಜುವಿನ ಕಡೆಯವರು ಹೊಳೆನರಸೀಪುರಕ್ಕೆ ಬಂದು ಆ ಅಂಗಿ ಕಣ್ಣಿಗೆ ಬಿದ್ದರೆ ಏನು ಹೇಳುತ್ತೀ? ಅದಕ್ಕೇ ಸುಡು ಎಂದದ್ದು. ಅವಳ ತಾಯಿ ಸತ್ತಳು. ನನ್ನ ಕೈಯಾರೆ ಮಣ್ಣು ಮಾಡಿದೆ. ಇದನ್ನು ಇನ್ನೊಂದು ಸಲ ಕೇಳಬೇಡ.

ಅರಕಲಗೂಡಿನ ಚಂದ್ರಯ್ಯ ಎಂಬ ಒಬ್ಬ, ರಂಗೂನಿನಲ್ಲಿ ನಮ್ಮ ಬೀದಿಯಲ್ಲೇ ಅಂಗಡಿ ಇಟ್ಟಿದ್ದವನು, ಊರೂರು ಸುತ್ತುತ್ತಿದ್ದಾನೆ. ಕುಡುಕ. ಸುಳ್ಳು ಹೇಳಿ ಕಣ್ಣೀರು ಹಾಕಿಸುವವನು. ಬಂದರೆ ಬಾಗಿಲು ತೆಗೆಯಬೇಡ.

ಶಿವರಾತ್ರಿಯ ಮಾರನೆಯ ದಿನ ನಾನೂ ಅಣ್ಣಯ್ಯನೂ ಬರುತ್ತೇವೆ. ಹುಡುಗಿಯ ಬಟ್ಟೆಬರೆ ಕಟ್ಟಿರಲಿ. ಅಡ್ಡಿ ಮಾಡಿದರೆ ಶಾಲೆಯ ಇನ್ಸ್‌ಪೆಕ್ಟರಿಗೆ ಬರೆಯುತ್ತೇನೆ. ಗಂಡನ ಮಾತು ಕೇಳದವಳ ಹತ್ತಿರ ತಮ್ಮ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೋ ನೋಡೋಣ.

ಪಂಚಾಕ್ಷರಯ್ಯ


ಹೊಳೆನರಸೀಪುರ
೫-೨-೧೯೪೭

ಪಂಚಾಕ್ಷರಯ್ಯನವರೇ,

ನೀವು ಬಾಗಿಲು ತೆಗೆಯಬೇಡ ಎಂದ ಮನುಷ್ಯ ಬಂದಿದ್ದರು. ಬಾಗಿಲು ತೆಗೆದೇ ಇತ್ತು.

ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದು ಅಕ್ಕಿ ಆರಿಸುತ್ತಿದ್ದೆ. ಅರಕಲಗೂಡಿನ ಇದ್ದಿಲು ಬಸ್ಸು ಇಳಿದು, ಮೈಮೇಲೆ ಮಸಿ ಹೊತ್ತುಕೊಂಡೇ ಒಬ್ಬ ವಯಸ್ಸಾದವರು ಜಗಲಿಯ ಕೆಳಗೆ ನಿಂತು ಕೈ ಮುಗಿದರು. ಕುಡಿದ ವಾಸನೆ ಇರಲಿಲ್ಲ. ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆಯುತ್ತೇನೆ, ನೀವು ಓದಲೇಬೇಕು.

“ಅವ್ವಾ, ನಾನು ಅರಕಲಗೂಡ್ನೋನು, ಚಂದ್ರಯ್ಯ ಅಂತ. ರಂಗೂನ್ನಾಗೆ ನಿಮ್ಮೆಜಮಾನ್ರು ಇದ್ದ ಬೀದೀಲೇ ಇದ್ದೆ. ಒಂದ್ ಬೇಡ್ಕೊಂಡ್ ಓಗಾಣ ಅಂತ ಬಂದೆ. ಆ ಸತ್ ಮಗೀಂದು ಒಂದು ಅಸ್ರು ಅಂಗಿ ಇತ್ತಂತೆ. ನಿಮ್ ತಾವ ಏನಾರ ಇದ್ರೆ ಕೊಡಿ ತಾಯಿ. ಅದರವ್ವಂಗೆ ತಕ್ಕೊಂಡೋಗಿ ಕೊಡ್ಬೇಕು.”

ಯಾವ ಸತ್ತ ಮಗು ಎಂದು ಕೇಳಿದೆ.

“ನಿಮ್ಮೆಜಮಾನ್ರ ಮಗು, ಖಿನ್. ಗುಡ್ಡದ ದಾರೀಲೇ ಜರ ಬಂದು ಓಯ್ತಂತಲ್ಲ. ಧನುರ್ಮಾಸದಲ್ಲಿ ಚನ್ನರಾಯಪಟ್ಣಕ್ಕೋಗಿ ಕೇಳ್ದೆ. ಅವ್ರೇ ಯೋಳುದ್ರು. ಬಟ್ಟೆಗಿಟ್ಟೆ ಏನೂ ಉಳ್ದಿಲ್ಲ ಅಂದ್ರು. ಆದ್ರೂ ಮನ್ಸು ತಡೀನಿಲ್ಲ. ಎಡ್ತಿ ಮನೇಲೇನಾರ ಇಟ್ಟವ್ರೇನೋ ಅಂತ ಬಂದೆ.”

ಅದರವ್ವ ಎಂದರೆ ಯಾರು ಎಂದೆ.

“ಮಾ ಟಿನ್. ಬದುಕವ್ಳೆ ಕಣವ್ವಾ. ಯುದ್ಧ ಮುಗುದ್ ಮ್ಯಾಕೆ ನನ್ನಂಗ್ಡಿ ಏನಾಗದೋ ನೋಡಾಣ ಅಂತ ವಾಪಸ್ ಓಗಿದ್ನಲ್ಲ, ಆಗ ಸಿಕ್ಕುದ್ಲು. ಅಡ್ಗು ನಿಲ್ಲೋ ಜೆಟ್ಟಿ ತಾವ ಅಕ್ಕಿ ತಿಂಡಿ ಮಾರ್ಕೊಂಡವ್ಳೆ. ಮದ್ರಾಸಿನ್ ಅಡ್ಗು ಬಂತು ಅಂದ್ರೆ ಬುಟ್ಟಿ ಬುಟ್ಬುಟ್ಟು ಓಡ್ತಾಳೆ. ಇಳ್ಯೋರ್ನೆಲ್ಲಾ ತಡ್ದು ಕೇಳ್ತಾಳೆ, ‘ಹಸಿರು ಅಂಗಿ, ಪುಟ್ಟ ಹುಡುಗಿ, ಹಸಿರು ಅಂಗಿ’ ಅಂತ. ಕನ್ನಡ ಅಷ್ಟೇ ಬರಾದು ಆಯಮ್ಮಂಗೆ. ತಮಿಳ್ರಿಗೂ ಅದನ್ನೇ ಅಂತಾಳೆ, ತೆಲುಗ್ರಿಗೂ ಅದನ್ನೇ ಅಂತಾಳೆ.”

ನೀವು ಹೇಗೆ ಬಿಟ್ಟುಬಂದಿರೆಂಬುದನ್ನೂ ಅವಳು ಅವರಿಗೆ ಹೇಳಿದ್ದಾಳೆ. ಬಾಂಬು ಬೀಳಲು ಶುರುವಾದ ಮೇಲೆ ನೀವು ಎರಡು ಗಾಡಿ ಗೊತ್ತು ಮಾಡಿದಿರಿ. ಮುಂದಿನದರಲ್ಲಿ ನೀವು, ಮಗು. ಹಿಂದಿನದರಲ್ಲಿ ಅವಳು, ನಡೆಯಲಾಗದ ಅವಳ ಮುದಿ ತಾಯಿ. ಪ್ರೋಮಿನಲ್ಲಿ ಕಾಯುತ್ತೇವೆ ಎಂದಿರಿ. ಅವಳು ಪ್ರೋಮಿಗೆ ಬಂದಳು. ನೀವು ಇರಲಿಲ್ಲ. ಮುದುಕಿಯನ್ನು ಛತ್ರದಂಥ ಒಂದು ಕಡೆ ಮಲಗಿಸಿ, ಗುಡ್ಡದ ಬುಡದವರೆಗೂ ಒಬ್ಬಳೇ ನಡೆದು, ಹೋಗುವವರ ಕಾಲು ಹಿಡಿದು ಕೇಳಿ, ಕೊನೆಗೆ ವಾಪಸಾದಳು. “ಆಯಮ್ಮ ಇಂದ್ಲ್ ಗಾಡೀಲಿ ಬತ್ತಾ ಇದ್ದಿದ್ದು ಸುಳ್ಳಲ್ಲ ಕಣವ್ವಾ” ಎಂದರು ಚಂದ್ರಯ್ಯನವರು. “ಇವ್ರು ಕಾಯ್ನಿಲ್ಲ, ಅಷ್ಟೇಯ.”

ನನ್ನ ಕೈಯಲ್ಲಿದ್ದ ಮೊರ ಜಾರಿ ಅಕ್ಕಿಯೆಲ್ಲ ಚೆಲ್ಲಿತು. ಹುಡುಗಿ ಒಳಗೆ ಲೆಕ್ಕ ಮಾಡುತ್ತಿದ್ದಳು. ಖಿನ್ ಎಂಬ ಹೆಸರು ಅವಳ ಕಿವಿಗೆ ಬಿದ್ದಿದೆ. ಆ ಹೆಸರಿನಿಂದ ಅವಳನ್ನು ಈ ಊರಿನಲ್ಲಿ ಯಾರೂ ಕರೆದಿರಲಿಲ್ಲ. ಶಾಂತಕುಮಾರಿ ಎಂಬುದು ನೀವು ಬಸ್ಸಿನ ಅವಸರದಲ್ಲಿ ಇಟ್ಟುಹೋದ ಹೆಸರು. ಎದ್ದು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಆ ಅಂಗಿ ಇತ್ತು. ಅದನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ತೋರಿಸಿದಳು.

ಚಂದ್ರಯ್ಯನವರು ಅಂಗಿ ನೋಡಿದರು, ಅವಳ ಮುಖ ನೋಡಿದರು. ಮೆಟ್ಟಿಲ ಮೇಲೆ ಕೂತು, ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ತುರುಕಿಕೊಂಡು ಅತ್ತರು. ಅವರಿಗೆ ನೀರು ಕೊಟ್ಟವಳು ಹುಡುಗಿಯೇ.

ಆಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು ದಾರಿಯ ವಿಚಾರ ಕೇಳಿದೆ. ಮೊದಲೇ ಕೇಳಬಹುದಿತ್ತು, ನೀವು ಬುದ್ಧಿಗೆ ಪೆಟ್ಟು ಎಂದದ್ದು ನನಗೂ ಅನುಕೂಲವಾಗಿತ್ತೋ ಏನೋ. ಇಳಿದ ಇಳಿದ ಕಡೆಯೆಲ್ಲ ಅವಳು ಅಮ್ಮ ಎಲ್ಲಿ ಎಂದು ಕೇಳಿದರೆ ನೀವು ಹಿಂದಿನ ಗಾಡಿಯಲ್ಲಿ ಎನ್ನುತ್ತಿದ್ದಿರಂತೆ. ಗಾಡಿಯೇ ಹೋಗದ ಗುಡ್ಡದ ಮೇಲೂ ಹಿಂದಿನ ಗಾಡಿ. ಅಕ್ಯಾಬಿನಲ್ಲಿ ದೋಣಿ ಹತ್ತುವಾಗ ಹಿಂದಿನ ದೋಣಿ. ರೈಲಿನಲ್ಲಿ ಹಿಂದಿನ ರೈಲು. “ಅಂಗಿ ಬಿಚ್ಬ್ಯಾಡ, ಅದ್ನ ನೋಡೇ ನಿಮ್ಮಮ್ಮ ಗುರುತು ಇಡಿಯೋದು” ಎಂದು ಹೇಳಿದವರು ನೀವೇ. ಅತ್ತು ರಂಪ ಮಾಡದಿರಲಿ ಎಂದು ಆಡಿದ ಮಾತಿರಬೇಕು. ಮಗು ಅದನ್ನು ನಂಬಿ, ಬೇಸಿಗೆಯ ಬಿಸಿಲಿನಲ್ಲಿ, ನನ್ನ ಬೈಗುಳದಲ್ಲಿ, ಅಂಗಿ ಬಿಚ್ಚದೆ ಜಗಲಿಯ ಮೇಲೆ ಕೂತಿತ್ತು.

ಬಂದ ಹೊಸತರಲ್ಲಿ ಅವಳಿಗೆ ಜ್ವರ ಏರಿದಾಗ ‘ಅಮೇ, ಅಮೇ’ ಎಂದು ಕನವರಿಸುತ್ತಿದ್ದಳು. ನನ್ನನ್ನೇ ಅಮ್ಮ ಎಂದು ಕರೆಯುತ್ತಿದ್ದಾಳೆ, ನಾಲಿಗೆ ಹೊರಳುತ್ತಿಲ್ಲ ಎಂದುಕೊಂಡು ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಾ ‘ಇದ್ದೀನಿ ಕಣೇ’ ಎಂದು ಉತ್ತರ ಕೊಡುತ್ತಿದ್ದೆ. ಬರ್ಮೀ ಮಾತಿನಲ್ಲಿ ತಾಯಿಗೆ ಹಾಗೇ ಅನ್ನುತ್ತಾರಂತೆ. ಚಂದ್ರಯ್ಯನವರು ಹೇಳಿದರು. ಇನ್ನೊಬ್ಬಳಿಗೆ ಬಂದ ಕರೆಗೆ ನಾನು ಓಗೊಟ್ಟಿದ್ದೆ.

ನೀವು ಅವಳನ್ನು ಹೆಗಲ ಮೇಲೆ ಹೊತ್ತಿರಿ, ನಿಮ್ಮ ಅನ್ನ ಅವಳಿಗೆ ಕೊಟ್ಟಿರಿ. ಅದನ್ನು ಅವಳೂ ಹೇಳಿದಳು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಬರ್ಮಾದ ಹೆಂಗಸನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬರಲು ನಿಮಗೆ ಮುಖವಿರಲಿಲ್ಲ. ಮಗುವಾದರೆ ಹೆಸರು ಬದಲಿಸಿ ಒಳಗೆ ತರಬಹುದು, ಹೆಂಗಸನ್ನು ಹಾಗೆ ತರಲಾಗುವುದಿಲ್ಲ. ಅದಕ್ಕೆ ಗಾಡಿ ಮುಂದಕ್ಕೆ ಹೊಡೆಸಿದಿರಿ. ಮಗಳಿಗೆ ತಾಯಿ ಸತ್ತಳೆಂದಿರಿ. ತಾಯಿ ಕಳಿಸಿದವರಿಗೆ ಮಗಳು ಸತ್ತಳೆಂದಿರಿ. ಬದುಕಿರುವ ಇಬ್ಬರನ್ನೂ ನಿಮ್ಮ ಬಾಯಿಂದಲೇ ಮಣ್ಣು ಮಾಡಿದಿರಿ. ಚಂದ್ರಯ್ಯನವರು ನಿಮ್ಮ ಎದುರು ನಿಂತು ಹಸಿರು ಅಂಗಿ ಎಂದ ದಿನವೇ ಅಲ್ಲವೆ ನೀವು ನನಗೆ ಒಲೆಗೆ ಹಾಕು ಎಂದು ಬರೆದದ್ದು?

ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅಳಲಿಲ್ಲ. ಬಹಳ ಹೊತ್ತು ಅಂಗಿಯ ಗುಂಡಿಗಳನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದು, “ಅವ್ವಾ, ನಾನು ದೊಡ್ಡೋಳಾಗಿದೀನಿ ಅಂತ ಅಮ್ಮಂಗೆ ಗೊತ್ತಾ?” ಎಂದು ಕೇಳಿದಳು. ಗೊತ್ತಿಲ್ಲ, ಹೋಗಿ ತೋರಿಸಬೇಕು ಎಂದೆ. “ನೀನೇನ್ ಮಾಡ್ತೀಯ?” ಎಂದಳು. ನನಗೆ ಶಾಲೆ ಇದೆಯಲ್ಲ ಎಂದೆ.

ಚಂದ್ರಯ್ಯನವರು ಹೆಂಡತಿ ಹೊನ್ನಕ್ಕನ ಜೊತೆ ರಂಗೂನಿಗೆ ಮರಳುತ್ತಿದ್ದಾರೆ. ಪರ್ಮಿಟ್ಟು ಮುಂತಾದದ್ದನ್ನೆಲ್ಲ ಅವರೇ ಓಡಾಡಿ ಮಾಡಿಸುತ್ತಾರೆ. ಹುಡುಗಿಯನ್ನು ಅವರ ಜೊತೆ ಕಳಿಸುತ್ತಿದ್ದೇನೆ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ನನ್ನ ಮನೆಯಲ್ಲಿ ನೀವು ತಂದು ಬಚ್ಚಿಟ್ಟದ್ದನ್ನು ಅದರ ಒಡತಿಗೆ ಮುಟ್ಟಿಸುತ್ತಿದ್ದೇನೆ. ಹುಡುಗಿಯ ಮೇಲೆ ನನಗೆ ಅಂಥ ಮಮತೆಯೂ ಇಲ್ಲ.

ಶಿವರಾತ್ರಿಯ ಮಾರನೆಯ ದಿನ ನೀವು, ನಿಮ್ಮ ಅಣ್ಣ ಧಾರಾಳವಾಗಿ ಬನ್ನಿ. ಬಸವರಾಜುವನ್ನೂ ಕರೆತನ್ನಿ. ಜಗಲಿ ವಿಶಾಲವಾಗಿದೆ, ಕೂತು ಗಾಡಿಗಳನ್ನು ನೋಡಬಹುದು. ಇನ್ಸ್‌ಪೆಕ್ಟರಿಗೆ ಬರೆಯುವುದಿದ್ದರೆ ಇದನ್ನೂ ಸೇರಿಸಿ ಬರೆಯಿರಿ: ಉಪಾಧ್ಯಾಯಿನಿ ಶಿವಗಂಗಮ್ಮ ಇನ್ನು ಮುಂದೆ ಗಂಡನ ಹೆಸರನ್ನು ತನ್ನ ಹೆಸರಿನ ಜೊತೆ ಬರೆಯುವುದಿಲ್ಲ ಎಂದು.

ನೀವು ಮೊದಲು ರಂಗೂನಿಗೆ ಹೊರಟಾಗ ನಾನೂ ಬರುತ್ತೇನೆಂದು ಟ್ರಂಕು ತುಂಬಿ ನಿಂತಾಗ “ನಮ್ ಮನೆ ಎಂಗಸ್ರು ಸಮುದ್ರ ದಾಟಾಕಿಲ್ಲ” ಎಂದಿದ್ದಿರಿ. ನೆನಪಾಯಿತು, ಬರೆದೆ. ಅಷ್ಟೇ.

ಇದಕ್ಕೆ ಉತ್ತರ ಬೇಡ.

ಶಿವಗಂಗಮ್ಮ

ಮರುಬರಹ: ಮದ್ರಾಸು, ೧೨-೨-೧೯೪೭. ಊರಿನಲ್ಲೇ ಟಪಾಲಿಗೆ ಹಾಕಿದ್ದರೆ ನೀವು ಅರಸೀಕೆರೆ ಸ್ಟೇಷನ್ನಿನಲ್ಲಿ ಅಡ್ಡ ನಿಲ್ಲುತ್ತಿದ್ದಿರಿ. ಆದ್ದರಿಂದ ಇಲ್ಲಿಯ ಬಂದರಿನ ಡಬ್ಬಿಗೆ ಹಾಕುತ್ತಿದ್ದೇನೆ. ಮೇಲೆ ‘ಕಳಿಸುತ್ತಿದ್ದೇನೆ’ ಎಂದು ಬರೆದದ್ದನ್ನು ‘ಕರೆದುಕೊಂಡು ಹೋಗುತ್ತಿದ್ದೇನೆ’ ಎಂದು ತಿದ್ದಿ ಓದಿ. ಶಾಲೆಗೆ ರಜೆ ಬರೆದು ಕೊಟ್ಟಿರುವುದು ಒಂದು ತಿಂಗಳಿಗೆ. ರೈಲಿನಲ್ಲಿ ಚಂದ್ರಯ್ಯನವರಿಂದ ಎರಡು ಬರ್ಮೀ ಮಾತು ಕಲಿತೆ. ‘ನಿಮ್ಮ ಮಗಳನ್ನು ಕರೆತಂದಿದ್ದೇನೆ’ ಎನ್ನುವುದು ಎಷ್ಟು ಹೇಳಿಕೊಂಡರೂ ನಾಲಿಗೆಯ ಮೇಲೆ ನಿಲ್ಲುತ್ತಿಲ್ಲ. ‘ನಾನೂ ಇವಳ ಜೊತೆ ಇಲ್ಲೇ ಇರಬಹುದೇ’ ಎನ್ನುವುದು ಒಂದೇ ಸಲಕ್ಕೆ ಬಂತು.